ಖಾರದ ಮಿಲ್ಲಿಗೆ ಸೋಲಾರ್ ಹಾಕಿಸಿದ್ದು

ನಮ್ಮೂರ ಪೇಟೆಬೀದಿಯಲ್ಲಿ ಬಿಸಿಲು ಒಂದು ದಿನ ಮೂಡಲ ಸಾಲಿನ ಮನೆಗಳ ಮೇಲೆ ಬೀಳುತ್ತದೆ, ಮರುದಿನ ಪಡುವಲ ಸಾಲಿನ ಮೇಲೆ. ಬಿಸಿಲಿಲ್ಲದ ಸಾಲಿಗೆ ಅವತ್ತೆಲ್ಲ ಮೋಡ ಕವಿದಂಥ ಮಂಕು ಬೆಳಕು. ಬೀದಿಯ ನಡುವೆ ನಿಂತರೆ ಒಂದು ಕೆನ್ನೆ ಸುಡುತ್ತದೆ, ಇನ್ನೊಂದು ತಣ್ಣಗಿರುತ್ತದೆ. ಹೊರಗಿನಿಂದ ಬಂದವರು ಇದನ್ನು ಕಂಡು ಬಾಯಿ ಬಿಡುತ್ತಾರೆ, ಫೋಟೋ ತೆಗೆಯುತ್ತಾರೆ, ಕಾರಣ ಏನು ಎನ್ನುತ್ತಾರೆ. ಕಾರಣ ಕಟ್ಟಿಕೊಂಡು ನಮಗೇನಾಗಬೇಕು? ವಯಸ್ಸಾದವರು ಬೆಳಿಗ್ಗೆ ಕುರ್ಚಿ ಎತ್ತಿಕೊಂಡು ಬಿಸಿಲಿರುವ ಕಡೆಗೆ ಹೋಗಿ ಕೂರುತ್ತಾರೆ. ಬಾಣಂತಿಯರು ಮಗುವನ್ನು ಎದುರುಮನೆಯ ಜಗಲಿಗೆ ಒಯ್ದು ಎಳೆಬಿಸಿಲು ಕಾಯಿಸುತ್ತಾರೆ. ಒಂದೇ ಒಂದು ಕಟ್ಟಳೆ ಉಂಟು: ಬಿಸಿಲು ಕೇಳಿಕೊಂಡು ಬಂದವರನ್ನು ವಾಪಸು ಕಳಿಸುವ ಹಾಗಿಲ್ಲ. ಗೋಡೆಯ ವಿಷಯಕ್ಕೆ ಕೋರ್ಟು ಮೆಟ್ಟಿಲು ಹತ್ತಿದವರು ಕೂಡ ಎದುರಾಳಿಯ ಒದ್ದೆ ಹಾಸಿಗೆಗೆ ತಮ್ಮ ತಾರಸಿಯಲ್ಲಿ ಜಾಗ ಕೊಡುತ್ತಾರೆ.

ಕರೆಂಟು ಹೋಗುವ ವಿಷಯದಲ್ಲಿ ಮಾತ್ರ ಎರಡು ಸಾಲಿಗೂ ಭೇದಭಾವ ಇಲ್ಲ.

ನಾನು ಮೂಡಲ ಸಾಲಿನವಳು. ಸರ್ವಮಂಗಳ ಅಂತ ಹೆಸರು. ಖಾರದ ಮಿಲ್ಲಿನ ಮಂಗಳಮ್ಮ ಎಂದರೆ ಬೇಗ ಗೊತ್ತಾಗುತ್ತದೆ. ಹದಿನೆಂಟು ವರ್ಷದಿಂದ ಮೆಣಸಿನಪುಡಿ, ಸಾರಿನಪುಡಿ, ಹುಳಿಪುಡಿ ಮಾಡಿಸಿ ಮಾರುತ್ತಿದ್ದೇನೆ. ಕೆಳಗೆ ಮಿಲ್ಲು, ಹಿಂದೆ ಮನೆ, ಮೇಲೆ ತಾರಸಿ. ನಮಗೆ ಬಿಸಿಲಿದ್ದ ದಿನ ಮೆಣಸಿನಕಾಯಿ ನಮ್ಮ ತಾರಸಿಯಲ್ಲಿ ಒಣಗುತ್ತಿತ್ತು. ಇಲ್ಲದ ದಿನ ಎದುರುಮನೆಯ ಪುಟ್ಟತಾಯಕ್ಕನ ತಾರಸಿಯಲ್ಲಿ. ಪುಟ್ಟತಾಯಕ್ಕ ಹಪ್ಪಳದವಳು. ಅವಳ ಹಪ್ಪಳ ಒಂದು ದಿನ ಅವಳ ತಾರಸಿಯಲ್ಲಿ ಒಣಗಿದರೆ ಮರುದಿನ ನಮ್ಮ ತಾರಸಿಯ ಅರ್ಧ ಭಾಗದಲ್ಲಿ ಒಣಗುತ್ತಿತ್ತು. ಹೀಗೆ ಇಬ್ಬರಿಗೂ ದಿನಾ ಬಿಸಿಲು. ಇಷ್ಟು ವರ್ಷ ಇದಕ್ಕೆ ಯಾರೂ ಬಾಡಿಗೆ ಕೊಟ್ಟಿಲ್ಲ, ಥ್ಯಾಂಕ್ಸೂ ಹೇಳಿಲ್ಲ.

ಹಾಗಂತ ನಮ್ಮಿಬ್ಬರದು ಹಾಲು ಸಕ್ಕರೆಯಂಥ ಸ್ನೇಹ ಅಂದುಕೊಳ್ಳಬೇಡಿ. ಪುಟ್ಟತಾಯಕ್ಕನಿಗೆ ನನಗಿಂತ ಹತ್ತು ವರ್ಷ ಜಾಸ್ತಿ, ನಾಲಿಗೆ ಇಪ್ಪತ್ತು ವರ್ಷ ಜಾಸ್ತಿ. ನನ್ನ ಮೆಣಸಿನಕಾಯಿ ಚೀಲ ಬಿಚ್ಚುವಾಗಲೆಲ್ಲ ಬಂದು ನಿಂತು ಒಂದನ್ನು ಮುರಿದು ನೋಡಿ, "ಈ ಸಲವೂ ಟೋಪಿ ಹಾಕಿಸ್ಕೊಂಡ್ಯಾ?" ಎನ್ನುವಳು. ಒಮ್ಮೆ ಗಾಳಿಗೆ ನನ್ನ ಖಾರದ ಘಾಟು ಅವಳ ಹಪ್ಪಳಕ್ಕೆ ಹತ್ತಿತೆಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಆ ಹಪ್ಪಳವನ್ನೇ ಆಮೇಲೆ 'ಖಾರದ ಹಪ್ಪಳ' ಅಂತ ಎರಡು ರೂಪಾಯಿ ಹೆಚ್ಚಿಗೆ ಮಾರಿದಳು ಅನ್ನುವುದು ಬೇರೆ ಮಾತು.

ನನ್ನ ತಲೆನೋವು ಕರೆಂಟಿನದು. ಮದುವೆ ತಿಂಗಳಲ್ಲಿ ಪುಡಿಗೆ ಬೇಡಿಕೆ ಏರಿದಷ್ಟೂ ಕರೆಂಟು ಇಳಿಯುತ್ತದೆ. ಅರ್ಧ ಕುಟ್ಟಿದ ಮೆಣಸಿನಕಾಯಿ ಯಂತ್ರದೊಳಗೆ, ಹೊರಗೆ ಡಬ್ಬ ಹಿಡಿದುಕೊಂಡ ಜನ, ನಡುವೆ ಸೆರಗಿನಿಂದ ಗಾಳಿ ಹಾಕಿಕೊಳ್ಳುವ ನಾನು. ಒಂದು ಡೀಸೆಲ್ ಜನರೇಟರ್ ಇಟ್ಟುಕೊಂಡಿದ್ದೆ. ಸೋಲಾರ್ ಹಾಕಿಸಿದ ವರ್ಷ ದೊಡ್ಡ ಅಡುಗೆ ಕಂಟ್ರಾಕ್ಟರ್ ಒಬ್ಬರು ನಲವತ್ತು ಕಿಲೋ ಸಾರಿನಪುಡಿ ವಾಪಸು ಕಳಿಸಿದರು. "ಮಂಗಳಮ್ಮ, ನಿಮ್ಮ ಪುಡಿ ಹಾಕಿದ್ರೆ ಸಾರು ಲಾರಿ ವಾಸನೆ ಹೊಡೀತದೆ" ಅಂದರು. ಮೂಸಿ ನೋಡಿದೆ. ಹೊಡೆಯುತ್ತಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನಮ್ಮ ಯಜಮಾನರು ಶಿವರುದ್ರಯ್ಯನವರು ಪೋಸ್ಟಾಫೀಸಿನಲ್ಲಿದ್ದು ನಿವೃತ್ತರಾದವರು. ಮೂವತ್ತು ವರ್ಷ ಬೇರೆಯವರ ಕಾಗದ ಹಂಚಿ ಹಂಚಿ, ಕಾಗದದ ಮೇಲೆ ಅಚ್ಚಾದದ್ದೆಲ್ಲ ನಿಜ ಎಂಬ ಭಕ್ತಿ ಅವರಿಗೆ ಬಂದುಬಿಟ್ಟಿದೆ. ಯಾರೋ ಕೈಗೆ ತುರುಕಿದ ಸೋಲಾರ್ ಕಂಪನಿಯ ಬಣ್ಣದ ಕಾಗದವನ್ನು ಅವರು ಒಂದು ವಾರ ಓದಿದರು. ಎಂಟನೆಯ ದಿನ ಆ ಕಂಪನಿಯ ಪ್ರಹ್ಲಾದ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ.

ನಲವತ್ತರ ಆಸುಪಾಸಿನ ಮನುಷ್ಯ. ಮಿರಿಮಿರಿ ಬೂಟು, ಕೈಯಲ್ಲಿ ಟ್ಯಾಬು, ಬಾಯಲ್ಲಿ ನಗು. ಖಾರದ ಮಿಲ್ಲಿನಲ್ಲಿ ಕೂತು ಸೀನದೆ ನಗುತ್ತಿದ್ದವನೆಂದರೆ ಅವನೊಬ್ಬನೇ, ಅದನ್ನಾದರೂ ಮೆಚ್ಚಬೇಕು.

"ಮೇಡಂ, ನಿಮ್ಮ ತಾರಸಿ ಮೇಲೆ ಬೀಳೋ ಬಿಸಿಲೆಲ್ಲ ವೇಸ್ಟ್ ಆಗ್ತಿದೆ" ಅಂದ.

"ವೇಸ್ಟ್ ಎಲ್ಲಿ? ಮೆಣಸಿನಕಾಯಿ ಒಣಗ್ತಿದೆಯಲ್ಲ."

"ಅದೇ ಮೇಡಂ, ಬರೀ ಮೆಣಸಿನಕಾಯಿ ಒಣಗ್ತಿದೆ."

"ನಮ್ದು ದಿನ ಬಿಟ್ಟು ದಿನದ ಬಿಸಿಲು. ಅದು ಗೊತ್ತಾ ನಿಮಗೆ?"

ಅವನ ಮುಖ ಇನ್ನೂ ಅರಳಿತು. "ಅದಕ್ಕೇ ಅಲ್ವಾ ಮೇಡಂ ಬ್ಯಾಟರಿ ಇರೋದು! ಬೇರೆ ಊರಿನೋರಿಗೆ ಬ್ಯಾಟರಿ ಬೇಕೋ ಬೇಡ್ವೋ ಅಂತ ಯೋಚ್ನೆ. ನಿಮ್ಮೂರಿಗೆ ಅಂತಲೇ ದೇವರು ಬ್ಯಾಟರಿ ಮಾಡಿದಾನೆ. ಬಿಸಿಲಿದ್ದ ದಿನ ತುಂಬ್ಸಿ, ಇಲ್ದಿದ್ದ ದಿನ ಖರ್ಚು ಮಾಡಿ."

ಹದಿನಾರು ಪ್ಯಾನೆಲ್ಲು, ಆಳೆತ್ತರದ ಬ್ಯಾಟರಿ ಪೆಟ್ಟಿಗೆ, ಒಂದು ಇನ್ವರ್ಟರ್. ನಾಲ್ಕೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸು, ಆಮೇಲೆ ಇಪ್ಪತ್ತು ವರ್ಷ ಬಿಟ್ಟಿ ಕರೆಂಟು. ಟ್ಯಾಬಿನಲ್ಲಿ ಹಸಿರು ಗೆರೆಯೊಂದು ಮೇಲಕ್ಕೆ ಹೋಗುತ್ತಲೇ ಇತ್ತು. ನಮ್ಮ ಯಜಮಾನರು ಆ ಗೆರೆಯನ್ನು ಗರ್ಭಗುಡಿಯ ದೀಪ ನೋಡುವ ಹಾಗೆ ನೋಡುತ್ತಿದ್ದರು.

"ತಾರಸಿ ತುಂಬ ಪ್ಯಾನೆಲ್ ಹಾಕಿದ್ರೆ ಮೆಣಸಿನಕಾಯಿ ಎಲ್ಲಿ ಒಣಗಿಸ್ಲಿ?" ಅಂದೆ.

ಪ್ರಹ್ಲಾದ ಇದಕ್ಕೇ ಕಾದಿದ್ದವನಂತೆ ಟ್ಯಾಬಿನಲ್ಲಿ ಇನ್ನೊಂದು ಚಿತ್ರ ತೋರಿಸಿದ. ಬೀರುವಿನಂಥ ಒಂದು ಡಬ್ಬ. ಡ್ರೈಯರ್ ಅಂತೆ. ಒಳಗೆ ತಟ್ಟೆಗಳಲ್ಲಿ ಮೆಣಸಿನಕಾಯಿ ಹರವಿ ಬಾಗಿಲು ಹಾಕಿದರೆ ಕರೆಂಟಿನ ಬಿಸಿಗಾಳಿಗೆ ಐದೇ ಗಂಟೆಯಲ್ಲಿ ಗರಿಗರಿ. ಧೂಳಿಲ್ಲ, ಕಾಗೆಯಿಲ್ಲ, ಮಳೆಯ ಭಯವಿಲ್ಲ.

ಈಗ ಯೋಚಿಸಿದರೆ ನನ್ನ ಬುದ್ಧಿಗೆ ನಾನೇ ಕೈಮುಗಿಯಬೇಕು. ಬಿಸಿಲಿಗೆ ಮೆಣಸಿನಕಾಯಿ ತಾನಾಗಿ ಒಣಗುತ್ತಿತ್ತು. ಆ ಬಿಸಿಲನ್ನು ಗಾಜಿನ ಹಲಗೆಯಲ್ಲಿ ಹಿಡಿದು, ತಂತಿಯಲ್ಲಿ ಕೆಳಗಿಳಿಸಿ, ಪೆಟ್ಟಿಗೆಯಲ್ಲಿ ತುಂಬಿ, ಮತ್ತೆ ತಂತಿಯಲ್ಲಿ ಬೀರುವಿಗೆ ಕಳಿಸಿ, ಅಲ್ಲಿ ಬಿಸಿ ಮಾಡಿ ಅದೇ ಮೆಣಸಿನಕಾಯಿ ಒಣಗಿಸುವುದಕ್ಕೆ ನಾನು ಒಪ್ಪಿಕೊಂಡೆ. ಡೀಸೆಲ್ ವಾಸನೆಯಿಂದ ಬೇಸತ್ತಿದ್ದೆ ಅನ್ನುವುದು ನಿಜ. ಅದಕ್ಕಿಂತ ನಿಜವಾದದ್ದು ಇನ್ನೊಂದಿತ್ತು. ಡ್ರೈಯರ್ ಬಂದರೆ ದಿನ ಬಿಟ್ಟು ದಿನ ಪುಟ್ಟತಾಯಕ್ಕನ ಮೆಟ್ಟಿಲು ಹತ್ತಿ ಅವಳ ಕೊಂಕು ಕೇಳುವುದು ತಪ್ಪುತ್ತದಲ್ಲ ಅಂತ ನನಗೆ ಒಳಗೊಳಗೇ ಖುಷಿ.

ಅವಳಿಗೆ ಹೇಳಲು ಹೋದಾಗ ಹಿಟ್ಟು ನಾದುತ್ತಿದ್ದಳು. ಅವಳ ಜೊತೆ ಹಪ್ಪಳ ಲಟ್ಟಿಸುವ ನಾಲ್ವರು ಹೆಂಗಸರೂ ಇದ್ದರು.

"ಪುಟ್ಟತಾಯಕ್ಕ, ಮುಂದಿನ ವಾರದಿಂದ ನಮ್ಮ ತಾರಸಿ ಖಾಲಿ ಇರಲ್ಲ. ಸೋಲಾರ್ ಹಾಕಿಸ್ತಾ ಇದೀವಿ."

ಅವಳು ತಲೆ ಎತ್ತಲಿಲ್ಲ. "ಹಾಕಿಸ್ಕೋ. ನಿನ್ನ ತಾರಸಿ, ನಿನ್ನಿಷ್ಟ."

"ಏನೂ ಅಂದ್ಕೋಬೇಡಿ."

"ನಾನ್ಯಾಕೆ ಅಂದ್ಕೊಳ್ಳಲಿ? ನಾನೇನು ಕೇಳಿದ್ನಾ ನಿನ್ನ?"

ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಪ್ಯಾನೆಲ್ಲುಗಳು ಬಂದವು. ಕೂರಿಸಲು ಬಂದ ಮೂವರೂ ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡರು. ಮೆಣಸಿನಕಾಯಿ ಚೀಲ ಇಡುತ್ತಿದ್ದ ಕೋಣೆಯನ್ನು ಬ್ಯಾಟರಿಗೆ ಬಿಟ್ಟುಕೊಟ್ಟೆವು, ಚೀಲಗಳು ನಡುಮನೆಗೆ ಬಂದವು. ಪ್ರಹ್ಲಾದ ಸ್ವಿಚ್ಚು ಒತ್ತಿಸಿ ಫೋಟೋ ತೆಗೆಸಿದ. ವರ್ತಕರ ಸಂಘದ ಅಧ್ಯಕ್ಷರು ಬಂದು ನನಗೊಂದು ಶಾಲು ಹೊದಿಸಿ 'ಬೆಳಕಿನ ಮಹಿಳೆ' ಅಂತ ಭಾಷಣ ಮಾಡಿದರು. ಭಾಷಣದ ಮಧ್ಯೆ ಕರೆಂಟು ಹೋಯಿತು. ಮೈಕು ಸತ್ತಿತು, ನನ್ನ ಮಿಲ್ಲು ಮಾತ್ರ ಗಡಗಡ ಓಡುತ್ತಲೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ತಮಗೇ ಅಂದುಕೊಂಡು ಕೈಮುಗಿದರು.

ಸುಳ್ಳು ಹೇಳಬಾರದು, ಮೊದಲ ಹದಿನೈದು ದಿನ ನಾನು ರಾಣಿಯ ಹಾಗಿದ್ದೆ. ಕರೆಂಟು ಬರಲಿ ಹೋಗಲಿ, ಮಿಲ್ಲು ನಿಲ್ಲಲಿಲ್ಲ. ಜನರೇಟರಿಗೆ ಗೋಣಿ ಹೊದಿಸಿದೆ. ಅಡುಗೆ ಕಂಟ್ರಾಕ್ಟರು ಪುಡಿ ಮೂಸಿ ನೋಡಿ ಹೂಂ ಅಂದರು; ಒಂದು ದೊಡ್ಡ ಮದುವೆಗೆ ಎಂಬತ್ತು ಕಿಲೋ ಹೇಳಿದರು. ಆಗ ಒಣಗಿಸುವುದಕ್ಕೆ ನನ್ನ ಬಳಿ ಹೊಸ ಮೆಣಸಿನಕಾಯಿ ಇರಲಿಲ್ಲ. ಹಳೆಯದನ್ನು ಕುಟ್ಟುತ್ತಿದ್ದೆವು, ಅಷ್ಟೇ. ಅದು ನನಗೆ ಹೊಳೆಯಲಿಲ್ಲ.

ಹೊಸ ಮೆಣಸಿನಕಾಯಿ ಬಂತು. ಹಸಿ ಇನ್ನೂ ಆರಿರದ ಮೂವತ್ತು ಚೀಲ. ಡ್ರೈಯರ್ ಹಚ್ಚಿದೆವು. ಬಿಸಿಲಿದ್ದ ದಿನ ಹೇಗೋ ನಡೆಯಿತು, ಆದರೆ ಡ್ರೈಯರ್ ಓಡಿದಷ್ಟು ಹೊತ್ತು ಬ್ಯಾಟರಿಗೆ ಏನೂ ತುಂಬಲಿಲ್ಲ. ಮರುದಿನ ಮಂಕು ಬೆಳಕಿನಲ್ಲಿ, ಕರೆಂಟೂ ಇಲ್ಲದ ಹೊತ್ತಿನಲ್ಲಿ ಡ್ರೈಯರ್ ಹಾಕಿದರೆ ಒಂದೂಕಾಲು ಗಂಟೆಗೆ ಪೆಟ್ಟಿಗೆ ಕೀಂ ಕೀಂ ಅನ್ನತೊಡಗಿತು. ಡ್ರೈಯರ್ ನಿಂತಿತು, ಅದರ ಜೊತೆ ಮಿಲ್ಲೂ ನಿಂತಿತು. ಒಳಗೆ ಬೆಚ್ಚಗಾಗಿ ಅರ್ಧಕ್ಕೇ ಬಿಟ್ಟ ಮೆಣಸಿನಕಾಯಿ ಬೆವರಿ ಒಂದಕ್ಕೊಂದು ಅಂಟಿಕೊಂಡವು.

ಸಾಲದ್ದಕ್ಕೆ, ಮಿಲ್ಲಿನ ಕಿಟಕಿಯಿಂದ ಹೊರಟ ಕೆಂಪು ಧೂಳು ನೇರ ಮೇಲಕ್ಕೆ ಹೋಗಿ ಪ್ಯಾನೆಲ್ಲುಗಳ ಮೇಲೆ ಕೂರುತ್ತಿತ್ತು. ಖಾರದ ಮಿಲ್ಲಿನ ಮೇಲೆ ಖಾರದ ಧೂಳು ಇರುತ್ತದೆಂದು ಆ ಹಸಿರು ಗೆರೆಗೆ ಯಾರೂ ಹೇಳಿರಲಿಲ್ಲ. ಯಜಮಾನರು ದಿನಾ ಬೆಳಿಗ್ಗೆ ಬಕೆಟ್ಟು, ಬಟ್ಟೆ ಹಿಡಿದುಕೊಂಡು ತಾರಸಿ ಹತ್ತಿ ಹದಿನಾರು ಹಲಗೆಗೂ ಅಭಿಷೇಕ ಮಾಡಿ, ಕಣ್ಣು ಉಜ್ಜಿಕೊಂಡು ಅಳುತ್ತಾ ಇಳಿಯುತ್ತಿದ್ದರು. ನನಗೇನೂ ಪಾಪ ಅನ್ನಿಸಲಿಲ್ಲ.

ಪ್ರಹ್ಲಾದನಿಗೆ ಆರು ಸಲ ಫೋನು ಮಾಡಿದೆ. ಏಳನೆಯ ಸಲ ತಾನೇ ಬಂದ.

"ಮೇಡಂ, ಡ್ರೈಯರ್ ಅಂದ್ರೆ ಹೀಟರ್. ಅದನ್ನ ಬ್ಯಾಟರಿ ಮೇಲೆ ಓಡಿಸ್ಬಾರ್ದು ಅಂತ ಪುಸ್ತಕದಲ್ಲೇ ಬರೆದಿದೆ."

"ಅಲ್ಲಪ್ಪ, ಡ್ರೈಯರ್ ಮಾರಿದ್ದು ನೀನು. ಬ್ಯಾಟರಿ ಮಾರಿದ್ದೂ ನೀನು."

"ಮಾರಿದ್ದು ನಾನೇ. ಆದ್ರೆ ಅವೆರಡೂ ಬೇರೆ ಬೇರೆ ಡಿಪಾರ್ಟ್‌ಮೆಂಟು ಮೇಡಂ." ಆಗಲೂ ಅವನ ನಗು ಮಾಸಲಿಲ್ಲ. "ಇದಕ್ಕೂ ದಾರಿ ಇದೆ. ಇನ್ನೊಂದು ಬ್ಯಾಟರಿ, ಇನ್ನೊಂದು ಹದಿನಾರು ಪ್ಯಾನೆಲ್ಲು. ಜಾಗಕ್ಕೆ ಎದುರುಮನೆ ತಾರಸಿ ಬಾಡಿಗೆಗೆ ತಗೊಳ್ಳಿ. ಆವಾಗ ನಿಮಗೆ ದಿನಾ ಬಿಸಿಲು!"

ನಾನು ಮಾತಾಡುವುದಕ್ಕೆ ಮೊದಲೇ ಬೀದಿ ದಾಟಿದ. ಅವನ ಮಾತು ನನಗೆ ಕೇಳಿಸಲಿಲ್ಲ, ಪುಟ್ಟತಾಯಕ್ಕನದು ಇಡೀ ಪೇಟೆಗೆ ಕೇಳಿಸಿತು. "ಈ ಕಡೆ ಬಿಸಿಲೂ ಪೆಟ್ಟಿಗೆಗೆ ತುಂಬ್ಸಿದ್ರೆ ಹಪ್ಪಳ ಎಲ್ಲಿ ಒಣಗಿಸ್ಲೋ? ನಿನ್ ತಲೆ ಮೇಲಾ?" ಅವನು ವಾಪಸು ಬಂದಾಗ ಮಿರಿಮಿರಿ ಬೂಟಿನ ಮೇಲೆ ಉದ್ದಿನ ಹಿಟ್ಟಿತ್ತು.

ಆ ದಿನಗಳಲ್ಲೇ ಹಪ್ಪಳ ಲಟ್ಟಿಸುವ ಕೆಂಪಾಜಮ್ಮ ನನ್ನ ಅಂಗಡಿಗೆ ಬಂದಳು. ತೊಟ್ಟು ಬಿಡಿಸುವ ಕೆಲಸವೇನಾದರೂ ಉಂಟಾ ಅಂತ ಕೇಳಿದಳು.

"ಪುಟ್ಟತಾಯಕ್ಕನ ಹತ್ರ ಇದೀಯಲ್ಲ?"

"ದಿನ ಬಿಟ್ಟು ದಿನ ಒಣಗೋದು ಅಂದ್ಮೇಲೆ ನಾಲ್ಕು ಜನಕ್ಕೆ ಎಲ್ಲಿ ಕೆಲಸ ಅಮ್ಮ? ಇಬ್ಬರೇ ಸಾಕು ಅಂದ್ರು. ಅವರ ತಪ್ಪಲ್ಲ ಬಿಡಿ." ತಪ್ಪು ಯಾರದೆಂದು ಅವಳು ಹೇಳಲಿಲ್ಲ. ನಮ್ಮ ತಾರಸಿಯ ಕಡೆ ಒಮ್ಮೆ ನೋಡಿದಳು, ಆಮೇಲೆ ನೆಲ ನೋಡಿದಳು.

ಕೆಲಸ ಕೊಡೋಣವೆಂದರೆ ನನ್ನ ಹತ್ತಿರವೇ ಕೆಲಸ ನಿಂತಿತ್ತು. ನಾಳೆ ಬಾ ಅಂತ ಸುಳ್ಳು ಹೇಳಿದೆ.

ಮರುದಿನ ಬೆಳಿಗ್ಗೆ ನಡುಮನೆಯ ಚೀಲವೊಂದನ್ನು ಬಿಚ್ಚಿದರೆ ಬೂಷ್ಟು ವಾಸನೆ. ಕೈ ಹಾಕಿದೆ, ಒಳಗೆ ಬೆಚ್ಚಗಿತ್ತು. ಎರಡು ಚೀಲ ಕೆಟ್ಟಿದ್ದವು. ಉಳಿದವಕ್ಕೆ ಅವತ್ತೇ ಬಿಸಿಲು ತಾಗದಿದ್ದರೆ ಎಲ್ಲವನ್ನೂ ತಿಪ್ಪೆಗೆ ಸುರಿಯಬೇಕಾಗಿತ್ತು. ಮದುವೆಗೆ ಉಳಿದದ್ದು ಆರು ದಿನ. ಅವತ್ತು ಬಿಸಿಲು ಎದುರು ಸಾಲಿಗೆ.

ಯಜಮಾನರು, "ಪ್ರಹ್ಲಾದನಿಗೆ ಇನ್ನೊಂದ್ಸಲ ಫೋನ್ ಮಾಡಿದ್ರೆ?" ಅಂದರು. ಅವರ ಕಡೆ ನೋಡಿದೆ. ಅವರು ಬಕೆಟ್ಟು ತೆಗೆದುಕೊಂಡು ತಾರಸಿಗೆ ಹೋದರು.

ನಾನು ಚೀಲದಿಂದ ಒಂದು ಹಿಡಿ ಮೆಣಸಿನಕಾಯಿ ಸೆರಗಿಗೆ ಹಾಕಿಕೊಂಡು ಬೀದಿ ದಾಟಿದೆ. ಹತ್ತು ಹೆಜ್ಜೆಯ ಬೀದಿ. ಎರಡೂ ಸಾಲಿನ ಜಗಲಿಗಳಲ್ಲಿ ಕೂತವರೆಲ್ಲ ಕಾಫಿ ಕುಡಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಪುಟ್ಟತಾಯಕ್ಕ ಬಾಗಿಲಲ್ಲೇ ಇದ್ದಳು. ನನ್ನ ಸೆರಗಿನಿಂದ ಒಂದು ಕಾಯಿ ತೆಗೆದು ಮುರಿದಳು. ಅದು ಮುರಿಯಲಿಲ್ಲ, ಬಗ್ಗಿತು.

"ಎಷ್ಟು ಚೀಲ?"

"ಇಪ್ಪತ್ತೆಂಟು ಉಳಿದಿವೆ."

"ಹೇಳು ಮತ್ತೆ."

"ಏನು ಹೇಳ್ಲಿ?"

"ಕೇಳೋಕೆ ಬಂದೋಳು ಕೇಳ್ಬೇಕು. ನಾನಾಗೇ ಕೊಡಕ್ಕೆ ನಾನೇನು ಪುಣ್ಯಾತಗಿತ್ತಿನಾ?"

"ಬಿಸಿಲು ಬೇಕು, ಪುಟ್ಟತಾಯಕ್ಕ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವಳು ಒಳಕ್ಕೆ ತಿರುಗಿ, "ಹಪ್ಪಳ ಎಲ್ಲ ಒಂದು ಮೂಲೆಗೆ ಸರಿಸ್ರೇ" ಅಂತ ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು: "ನಿನ್ನ ಮನೆಗೆ ಬಂದು ಕೇಳೋಕೆ ನನಗೂ ಬರ್ತಿತ್ತು ಮಂಗಳ. ಕೇಳಿದ್ರೆ ನೀನು ಇಲ್ಲ ಅನ್ನಬೇಕಾಗ್ತಿತ್ತು. ಬೀದೀಲಿ ಹಾಗೆ ಅಂದ ಮೊದಲನೇ ಹೆಂಗಸು ಅಂತ ನಿನಗೆ ಹೆಸರು ಬರ್ತಿತ್ತು. ಅದಕ್ಕೇ ಸುಮ್ಮನಿದ್ದೆ."

ಇಪ್ಪತ್ತೆಂಟು ಚೀಲ ಹೊತ್ತು ಮೇಲೆ ಸುರಿದೆವು. ಹೊರುವುದಕ್ಕೆ ಕೆಂಪಾಜಮ್ಮನೂ ಬಂದಳು. ಪುಟ್ಟತಾಯಕ್ಕನ ತಾರಸಿಯೆಲ್ಲ ಕೆಂಪಾಗಿ, ಒಂದು ಮೂಲೆಯಲ್ಲಿ ಮಾತ್ರ ನಾಲ್ಕು ಸೀರೆಯಗಲದಷ್ಟು ಹಪ್ಪಳ. ಅವಳಿಗಿದ್ದದ್ದೇ ದಿನ ಬಿಟ್ಟು ದಿನದ ಬಿಸಿಲು, ಅದರಲ್ಲೂ ನಾನು ಮುಕ್ಕಾಲು ಪಾಲು ತಿಂದಿದ್ದೆ. ಕಣ್ಣಲ್ಲಿ ನೀರು ಬಂತು. ಅಲ್ಲಿದ್ದವರೆಲ್ಲ ಖಾರಕ್ಕೆ ಅಂದುಕೊಂಡರು, ಒಳ್ಳೆಯದೇ ಆಯಿತು.

ಮದುವೆಯ ಪುಡಿ ಹೋಯಿತು, ದುಡ್ಡೂ ಬಂತು. ಮಾರನೆಯ ದಿನ ನಾನು ಎಂಟು ಪ್ಯಾನೆಲ್ಲು ಬಿಚ್ಚಿಸಿದೆ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಪ್ರಹ್ಲಾದ ಫೋನಿನಲ್ಲಿ, "ವಾರಂಟಿ ಹೋಗುತ್ತೆ ಮೇಡಂ" ಅಂತ ಮೊದಲ ಬಾರಿಗೆ ನಗದೆ ಮಾತಾಡಿದ. ಬಿಚ್ಚಿದ ಎಂಟನ್ನು ಪಕ್ಕದ ಊರಿನ ಕೋಳಿಫಾರ್ಮಿನವನು ಮುಕ್ಕಾಲು ಬೆಲೆಗೆ ಕೊಂಡ. ಡ್ರೈಯರನ್ನು ಯಾರೂ ಕೊಳ್ಳಲಿಲ್ಲ. ಅದೀಗ ನಮ್ಮ ಹಾಸಿಗೆ ಹೊದಿಕೆ ಇಡುವ ಬೀರು.

ಉಳಿದ ಎಂಟು ಪ್ಯಾನೆಲ್ಲೂ ಆ ಬ್ಯಾಟರಿಯೂ ಬರೀ ಮಿಲ್ಲಿಗೆ ಧಾರಾಳವಾಗಿ ಸಾಲುತ್ತಿದ್ದವು. ಎರಡು ದಿನ ಕರೆಂಟು ಬಾರದಿದ್ದರೂ ಮಿಲ್ಲು ನಿಲ್ಲುತ್ತಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿದ್ದರೆ ಪ್ರಹ್ಲಾದನ ಗಂಟೇನು ಹೋಗುತ್ತಿತ್ತು? ಅರ್ಧ ಗಂಟು ಹೋಗುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಅರ್ಧ ತಾರಸಿ ತೊಳೆಸಿ ಪುಟ್ಟತಾಯಕ್ಕನನ್ನು ಕರೆದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲ ನೋಡಿದಳು. ಹೊಗಳುತ್ತಾಳೇನೋ ಅಂತ ಕಾದೆ. ಅವಳು ಕೆಳಗಿಳಿದು ಬ್ಯಾಟರಿ ಕೋಣೆಯ ಬಾಗಿಲಲ್ಲಿ ನಿಂತಳು.

"ಇದರಲ್ಲಿರೋದು ಏನು?"

"ಕರೆಂಟು."

"ಎಲ್ಲಿಂದ ಬಂತು?"

"ಬಿಸಿಲಿಂದ."

"ಹಾಗಾದ್ರೆ ಬಿಸಿಲೇ ತಾನೆ? ನಾನೀಗ ಕೇಳ್ತಾ ಇದೀನಿ. ನನ್ನ ಹಿಟ್ಟು ರುಬ್ಬೋ ಮಿಷಿನ್ನಿಗೆ ಒಂದು ವೈರು ಕೊಡು."

ಹಿಂದೆ ನಿಂತಿದ್ದ ಯಜಮಾನರು, "ಅದು ಹೇಗೆ ಬರುತ್ತೆ..." ಅಂತ ಶುರುಮಾಡಿದರು. ನಾನು, "ರೀ, ಕಟ್ಟಳೆಯಲ್ಲಿ ಪೆಟ್ಟಿಗೆಗೆ ಬೇರೆ ಡಿಪಾರ್ಟ್‌ಮೆಂಟ್ ಇಲ್ಲ" ಅಂದೆ.

ಬೀದಿಯ ಮೇಲೆ ತಂತಿ ಹೋಯಿತು. ಪುಟ್ಟತಾಯಕ್ಕ ಲಟ್ಟಿಸುವುದಕ್ಕೆ ನಾಲ್ವರನ್ನೂ ಮತ್ತೆ ಕರೆಸಿಕೊಂಡಳು, ಕೆಂಪಾಜಮ್ಮ ಮಧ್ಯಾಹ್ನದ ಮೇಲೆ ನನ್ನಲ್ಲಿ ತೊಟ್ಟು ಬಿಡಿಸುತ್ತಾಳೆ. ವಿಷಯ ಹಬ್ಬಿದ ಮೇಲೆ ಮೊಬೈಲು ಹಿಡಿದುಕೊಂಡು "ಬಿಸಿಲು ಕೊಡಿ" ಅಂತ ಬರುವವರ ಸಾಲೇ ಶುರುವಾಯಿತು. ಶಾಲು ಹೊದಿಸಿದ ಅಧ್ಯಕ್ಷರೂ ಬಂದರು. ಅವರ ಕೈಯಲ್ಲಿ ಎರಡು ಮೊಬೈಲು.

ಒಂದು ವರ್ಷ ಕಳೆದ ಮೇಲೆ ಪ್ರಹ್ಲಾದ ಐಸ್‌ಕ್ಯಾಂಡಿ ಮಾಡುವ ಒಬ್ಬನನ್ನು ನನ್ನ ಅಂಗಡಿಗೆ ಕರೆತಂದ. ನನ್ನ ಫೋಟೋ ಈಗ ಅವರ ಬಣ್ಣದ ಕಾಗದದಲ್ಲಿತ್ತು, ಹದಿನಾರು ಪ್ಯಾನೆಲ್ಲುಗಳ ಸಮೇತ.

"ಅಮ್ಮ, ನಿಜ ಹೇಳಿ. ಹಾಕಿಸ್ಬಹುದಾ? ಲಾಭ ಉಂಟಾ?" ಅಂತ ಆ ಮನುಷ್ಯ ಕೇಳಿದ.

"ಉಂಟು. ನಿಮ್ಮ ತಾರಸಿ ಮೇಲೆ ಈಗ ಏನಿದೆ?"

"ಏನೂ ಇಲ್ಲಮ್ಮ. ಖಾಲಿ."

"ಏನೂ?"

"ನಮ್ಮನೆಯೋಳು ಏನೋ ಬಟ್ಟೆ ಗಿಟ್ಟೆ ಹರವ್ತಾಳೆ. ಸಂಡಿಗೆ ಹಾಕ್ತಾಳೆ. ಅಕ್ಕಪಕ್ಕದೋರು ಬಂದು ಕೂರ್ತಾರೆ."

"ಅವರನ್ನ ಕೇಳ್ಕೊಂಡು ಬನ್ನಿ" ಅಂದೆ. ಪ್ರಹ್ಲಾದ ಗಡಿಯಾರ ನೋಡಿಕೊಂಡ.

ಮಾರನೆಯ ದಿನ ಆ ಮನುಷ್ಯನ ಹೆಂಡತಿ ಒಬ್ಬಳೇ ಬಸ್ಸು ಹಿಡಿದು ಬಂದಳು. ನಮ್ಮ ತಾರಸಿ ಹತ್ತಿ, ಪ್ಯಾನೆಲ್ಲಿನ ಉದ್ದಗಲವನ್ನು ಗೇಣಿನಲ್ಲಿ ಅಳೆದಳು. ಐಸಿನ ಯಂತ್ರಕ್ಕೆ ಎಷ್ಟು ಬೇಕು, ಎಷ್ಟು ಹೊತ್ತು ಬೇಕು, ರಾತ್ರಿ ಬೇಕೋ ಹಗಲು ಬೇಕೋ ಅಂತ ನನ್ನನ್ನು ಒಂದು ಗಂಟೆ ಕೂರಿಸಿಕೊಂಡು ಕೇಳಿದಳು. ಪುಟ್ಟತಾಯಕ್ಕ ಅವಳಿಗೆ ಕರಿದ ಹಪ್ಪಳ ಕೊಟ್ಟಳು, ನನಗೆ ಕೊಡಲಿಲ್ಲ.

ಅವರು ಕೊನೆಗೆ ಆರು ಪ್ಯಾನೆಲ್ಲು ಹಾಕಿಸಿಕೊಂಡರಂತೆ. ಪ್ರಹ್ಲಾದ ಇಪ್ಪತ್ನಾಲ್ಕು ಅಂತ ಬರೆದುಕೊಂಡು ಹೋಗಿದ್ದನಂತೆ.